ಸುಶೀಲಾಳ ಹಗುರ ಸರ್ವರ್

ಹಳೆಯ ಕಂಪ್ಯೂಟರಿನ ಮುಚ್ಚಳ ತೆಗೆದಾಗ ಬರುವ ಬಿಸಿ ಧೂಳಿನ ವಾಸನೆ ನಿಮಗೂ ಗೊತ್ತಿರಬಹುದು. ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದದ್ದೇ ತಡ, ನನಗೆ ಸುಶೀಲಾ ನೆನಪಾದಳು. ಜೊತೆಗೆ ಹೊಟ್ಟೆಯೊಳಗಿನ ಹಳೆಯ ಉರಿಯೂ.

ಅರಕಲಗೂಡಿನಲ್ಲಿ ನಾನಾಗ ಕಂಪ್ಯೂಟರ್ ಕಲಿಸುತ್ತಿದ್ದೆ. ಶುಂಠಿ ಬೆಳೆಗಾರರಿಗೆಂದು ದಿನದ ದರ ತೋರಿಸುವ ವೆಬ್‌ಸೈಟೊಂದನ್ನು ಮಾಡಿಕೊಟ್ಟು ಬಹಳ ಬೀಗುತ್ತಿದ್ದೆ. ಆದರೆ ಶುಂಠಿ ಕೀಳುವ ಕಾಲದಲ್ಲಿ ಎಲ್ಲರೂ ಒಟ್ಟಿಗೆ ದರ ನೋಡಲು ಬಂದರೆ ಅದು ಮಲಗಿಬಿಡುತ್ತಿತ್ತು. ಕೇಳಿದವರಿಗೆ ಪುಟ ಕಳಿಸುವ ನನ್ನ ಸರ್ವರ್ ಪ್ರೋಗ್ರಾಮು ಅಂಥ ದಢೂತಿ, ಬೇಡದ್ದನ್ನೇ ಹೆಚ್ಚು ಹೊತ್ತುಕೊಂಡಿತ್ತು. "ಥೇಟ್ ನಿಮ್ಮಂಗೇಯ" ಎನ್ನುತ್ತಿದ್ದಳು ನನ್ನ ಹೆಂಡತಿ.

ಬೆಳೆಗಾರರಿಗೆ ಸಾಕಾಗಿ, ಕೆಲಸವನ್ನು ಹೊಳೆನರಸೀಪುರದಲ್ಲಿದ್ದ ಸುಶೀಲಾಳಿಗೆ ಒಪ್ಪಿಸಿದರು. ಬಾಗೂರಿನ ಹೆಣ್ಣುಮಗಳು, ನನ್ನಲ್ಲೇ ಕಲಿತವಳು. ಅವಳು ಮೂಲೆಗೆ ಬಿದ್ದಿದ್ದ ಕಂಪ್ಯೂಟರಿಗೆ ಹಗುರವಾದ ವೆಬ್ ಸರ್ವರ್ ಹಾಕಿದಳು. ಎಷ್ಟು ಜನ ಬಂದರೂ ಸೈಟು ತಟ್ಟನೆ ತೆರೆಯುತ್ತಿತ್ತು. ತಡೆಯಲಾರದೆ ಬಸ್ಸು ಹತ್ತಿ ಅವಳಲ್ಲಿಗೆ ಹೋದೆ.

"ಬನ್ನಿ ಸಾ! ಎಲ್ಲಾ ನೀವ್ ಕಲ್ಸಿದ್ದೇ ಕಣ್ ಸಾ" ಎಂದಳು.

ಸರ್ವರಿನ ಸೆಟ್ಟಿಂಗ್ಸ್ ಫೈಲು ತೋರಿಸಿದಳು. ಯಾವ ಸೈಟಿನ ಹೆಸರಿಗೆ ಓಗೊಡಬೇಕು, ಯಾವ ಫೋಲ್ಡರಿನಿಂದ ಪುಟ ಕೊಡಬೇಕು, ಹೀಗೆ ಹನ್ನೆರಡೇ ಸಾಲು. ಇದನ್ನು ನಾನು ಕಲಿಸಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ಆಗ ಏಳನೆಯ ಸಾಲು ಕಣ್ಣಿಗೆ ಬಿತ್ತು. ಫೋಲ್ಡರಿನಲ್ಲಿರುವ ಫೈಲುಗಳನ್ನೆಲ್ಲ ಯಾರು ಬೇಕಾದರೂ ನೋಡುವಂತೆ ಬಿಟ್ಟಿದ್ದಳು. ಅದರೊಳಗೆ ಬೆಳೆಗಾರರ ಫೋನ್ ನಂಬರುಗಳ ಪಟ್ಟಿಯೂ ಇತ್ತು. ಹೇಳಬೇಕಿತ್ತು. ಹೇಳಲಿಲ್ಲ. "ಚೆನ್ನಾಗಿ ಮಾಡಿದ್ದೀಯ ಕಣಮ್ಮ" ಎಂದು ಕಾಫಿ ಕುಡಿದು ಎದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಖುಷಿಪಟ್ಟೆ.

ವಾರದೊಳಗೆ ಆ ಪಟ್ಟಿ ದಲ್ಲಾಳಿಗಳ ಕೈ ಸೇರಿತು. ದರ ಬೀಳುತ್ತದೆ, ಈಗಲೇ ಕೊಟ್ಟುಬಿಡಿ ಎಂದು ಮನೆಮನೆಗೆ ಫೋನು. ಹೆದರಿದ ಇಬ್ಬರು ಇನ್ನೂ ಬಲಿಯದ ಶುಂಠಿಯನ್ನು ಕಿತ್ತು ಕೊಟ್ಟರು.

ಸುಶೀಲಾ ಫೋನ್ ಮಾಡಿದಳು. "ಎಲ್ಲಿ ತಪ್ಪಾಯ್ತೋ ತಿಳೀತಿಲ್ಲ ಸಾ, ಒಸಿ ನೋಡ್ತೀರಾ?"

"ಏಳನೇ ಸಾಲು" ಎಂದೆ, ಥಟ್ಟನೆ.

"ಅವತ್ತೇ ಗೊತ್ತಿತ್ತಾ ಸಾ?"

"ಹೂಂ."

ಅವಳು ಫೋನ್ ಇಟ್ಟಳು. ಮುಂದೆ ಬೆಳೆಗಾರರ ಸಭೆಯಲ್ಲಿ ಎದ್ದು ನಿಂತು "ತಪ್ಪು ನಂದೇ" ಎಂದಳು. ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆ ನೋಡಲೂ ಇಲ್ಲ. ಅಷ್ಟು ಧೈರ್ಯ ಅವಳಿಗೆ ಎಲ್ಲಿಂದ ಬಂತೆಂದು ಅದಕ್ಕೂ ಕರುಬಿದೆ, ನೋಡಿ.

ಇವತ್ತು ಮುಚ್ಚಳ ತೆಗೆದ ಆ ಹಳೆಯ ಕಂಪ್ಯೂಟರಿಗೆ ನಾನೂ ಅವಳ ಹಗುರ ಸರ್ವರನ್ನೇ ಹಾಕಿಕೊಂಡೆ. ಪುಟ ತೆರೆದುಕೊಂಡ ಮೇಲೆ, ಇಷ್ಟು ವರ್ಷಗಳ ನಂತರ, ಅವಳಿಗೆ ಫೋನ್ ಮಾಡಿದೆ.

"ಸಭೇಲಿ ಅವತ್ತು ನಾನೂ ಎದ್ದು ಹೇಳ್ಬೇಕಿತ್ತು ಕಣಮ್ಮ."

"ಹೇಳ್ಬೇಕಿತ್ತು ಸಾ" ಎಂದಳು.

ಪರವಾಗಿಲ್ಲ ಎನ್ನುತ್ತಾಳೇನೋ ಎಂದು ಕಾದೆ. ಅನ್ನಲಿಲ್ಲ. ಅನ್ನದಿದ್ದುದೇ ಸರಿ ಎನಿಸಿತು.