ರೈಟರ್ ಅಂದರೆ ಯಾರು

ಕಾಫಿ ತೋಟದಲ್ಲಿ ರೈಟರ್ ಎಂದರೆ ಕಥೆ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಕರೆದು, ಯಾರು ನೆರಳುಮರಗಳ ಕೊಂಬೆ ಕಡಿಯುವ ಮರಗಸಿಗೆ, ಯಾರು ಗೊಬ್ಬರಕ್ಕೆ ಎಂದು ಕೆಲಸ ಹಂಚಿ, ಸಂಜೆಯವರೆಗೂ ಅವರ ಹಿಂದೆ ಗುಡ್ಡ ಹತ್ತಿ ಇಳಿಯುವವನು. ಸಕಲೇಶಪುರದ ಆಚೆಯ ಒಂದು ಎಸ್ಟೇಟಿನಲ್ಲಿ ನಿವೃತ್ತನಾಗುವವರೆಗೂ ನಾನು ಮಾಡಿದ್ದು ಅದೇ. ಮಳೆಯಿರಲಿ, ಜ್ವರವಿರಲಿ, ಗಂಟೆ ಹೊಡೆಯುವ ಮೊದಲು ಅಲ್ಲಿರುತ್ತಿದ್ದೆ.

ಶಾಲೆಗೆ ರಜೆ ಬಂದರೆ ಮಗನ ಮಗಳು ನನ್ನ ಜೊತೆಗೇ ಹೊರಡುತ್ತಿದ್ದಳು. ಜಿಗಣೆಗೆ ಹೆದರುತ್ತಿರಲಿಲ್ಲ. ಆಳುಗಳು ಚಿಕ್ಕ ರೈಟರಮ್ಮ ಎಂದು ರೇಗಿಸಿದರೆ, ಅವರನ್ನೇ ಗದರಿ ಕೆಲಸಕ್ಕೆ ಅಟ್ಟುತ್ತಿದ್ದಳು. ಹತ್ತನೇ ತರಗತಿಗೆ ಬರುವಷ್ಟರಲ್ಲಿ ತೀರ್ಮಾನ ಮಾಡಿದ್ದಳು: ಪರೀಕ್ಷೆ ಮುಗಿದ ಮೇಲೆ ಕೃಷಿ ಡಿಪ್ಲೊಮಾ, ಆಮೇಲೆ ತೋಟದ ಕೆಲಸ. ಮಗ ಒಪ್ಪಿದ್ದ. ಹೆಣ್ಣುಮಗು ಗುಡ್ಡ ಅಲೆಯುವುದೇ ಎಂದು ಸೊಸೆ ಒಂದಷ್ಟು ದಿನ ಗೊಣಗಿ ಸುಮ್ಮನಾಗಿದ್ದಳು. ನನಗಂತೂ ಒಳಗೊಳಗೇ ಹಬ್ಬ.

ಶಾಲೆಯ ಬೀಳ್ಕೊಡುಗೆಯ ದಿನ ಮಕ್ಕಳನ್ನು ವೇದಿಕೆಗೆ ಕರೆದು, ಮುಂದೆ ಏನಾಗುತ್ತೀರಿ ಎಂದು ಕೇಳಿದರಂತೆ. ಡಾಕ್ಟರು, ಪೊಲೀಸು, ಇಂಜಿನಿಯರು. ಇವಳಿಗಿಂತ ಮುಂಚಿನ ಹುಡುಗ, ಅಪ್ಪನ ಹಾಗೆ ಲಾರಿ ಓಡಿಸುತ್ತೇನೆ ಎಂದ. ಇಡೀ ಸಭೆ ನಕ್ಕಿತು. ಮೇಷ್ಟ್ರುಗಳೂ ನಕ್ಕರು. ಮುಂದಿನ ಸರದಿ ಇವಳದು. ಮೈಕಿನ ಮುಂದೆ ನಿಂತು ‘ರೈಟರ್’ ಎಂದಳು. ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಹೆಡ್‌ಮಿಸ್ಸು, ನಮ್ಮ ಶಾಲೆಯಿಂದ ಸಾಹಿತಿಯೊಬ್ಬಳು ಬರುತ್ತಾಳೆ ಎಂದು ಚಪ್ಪಾಳೆ ಹೊಡೆಸಿ, ಕವನದ ಪುಸ್ತಕವೊಂದನ್ನು ಅವಳ ಕೈಗಿಟ್ಟರು.

ಮನೆಗೆ ಬಂದು ಅವಳು ಇದನ್ನು ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಬಿಡಿಸಿ ಹೇಳಬಾರದಿತ್ತೇ ಎಂದು ಕೇಳಿದೆ. ಅವಳು ನಗಲಿಲ್ಲ.

‘ಹೇಳಕ್ಕೆ ಹೋದೆ ತಾತ. ಆ ಹುಡುಗ ತಲೆ ತಗ್ಗಿಸ್ಕಂಡು ಕೂತಿದ್ದ. ಸುಮ್ನಾಗ್ಬುಟ್ಟೆ.’

‘ನಕ್ಕರೆ ನಗ್ಲಿ ಬಿಡವ್ವ. ಅವ್ರ ಹಲ್ಲು ತಾನೆ.’

‘ನನ್ನ ನೋಡಿ ನಕ್ಕಿದ್ರೆ ತಡ್ಕತಿದ್ದೆ. ನಾ ಬಿಡಿಸಿ ಹೇಳಿದ್ರೆ ಅವ್ರು ನಗ್ತಿದ್ದಿದ್ದು ನಿಮ್ಮನ್ನಲ್ವಾ.’

ಅಷ್ಟು ಹೇಳಿ ಅವಳು ಎದ್ದು ಒಳಗೆ ಹೋದಳು.

ಡಿಪ್ಲೊಮಾಕ್ಕೆ ಅರ್ಜಿ ಕರೆದಾಗ ಬೇಡವೆಂದಳು. ಗೆಳತಿಯರೆಲ್ಲ ಸೇರುತ್ತಿದ್ದಾರೆಂದು ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡಳು. ಈಗ ಬುದ್ಧಿ ಬಂತು ಎಂದಳು ಸೊಸೆ. ಆ ವಯಸ್ಸಿನಲ್ಲಿ ಮನಸ್ಸು ಬದಲಾಗುವುದು ಸಹಜ ಎಂದ ಮಗ. ಅವಳ ಮನಸ್ಸು ಬದಲಾಗಿರಲಿಲ್ಲ. ಅಂಕ ಸಾಕಷ್ಟಿತ್ತು, ಮನೆಯ ಒಪ್ಪಿಗೆ ಇತ್ತು, ಆಸೆಯಂತೂ ಇದ್ದೇ ಇತ್ತು. ಯಾರೂ ಅವಳಿಗೆ ಅಡ್ಡ ನಿಲ್ಲಲಿಲ್ಲ. ತಾತನ ಕೆಲಸವನ್ನು ಜನರ ನಗುವಿನಿಂದ ಕಾಪಾಡಬೇಕಾದರೆ ಆ ಕೆಲಸದ ಹೆಸರೆತ್ತದಿರುವುದೇ ದಾರಿ ಎಂದುಕೊಂಡಿತು ಆ ಮಗು. ಮರುವರ್ಷ ಕಾಫಿ ಹಣ್ಣು ಕುಯ್ಲಿನ ಕಾಲಕ್ಕೆ ತೋಟದ ಕಡೆ ಹೋಗಿ ಬರೋಣವೇ ಎಂದು ಕರೆದೆ. ಟ್ಯೂಷನ್ ಇದೆ ಎಂದಳು.

ಮೊನ್ನೆ ಕುಂದೂರಿನಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಆಚೆ ಬದಿಯಲ್ಲಿದ್ದ ಹೆಂಗಸು, ನಿಮ್ಮ ತಾತ ಏನು ಕೆಲಸದಲ್ಲಿದ್ದರು ಎಂದು ಅವಳನ್ನು ಕೇಳಿದರು.

‘ರಿಟೈರ್ಡ್,’ ಎಂದಳು.

‘ಅದು ಸರಿ ಕಣವ್ವ, ಏನಾಗಿದ್ರು?’

ಅವಳು ನನ್ನ ಕಡೆ ನೋಡಲಿಲ್ಲ. ನೀರು ತರುತ್ತೇನೆಂದು ಅರ್ಧ ಊಟಕ್ಕೇ ಎದ್ದು ಹೋದಳು. ಆ ಹೆಂಗಸು ನನ್ನ ಕಡೆ ತಿರುಗಿದರು. ‘ರಿಟೈರ್ಡ್,’ ಎಂದೆ ನಾನೂ.