ಬೋಲ್ಟಿನ ಕೆಳಗಿನ ಬಣ್ಣ

ಮೊನ್ನೆ ಯಾದಗಿರಿಯಾಗ ನಮ್ಮ ಬಾಜೂ ಮನಿಯವರು ಕಬ್ಬಿಣದ ಗೇಟಿಗೆ ಬೂದಿ ಬಣ್ಣ ಹೊಡಸಾಕತ್ತಿದ್ರು. ಹಸಿ ಬಣ್ಣದ ಆ ಘಾಟು ಕಿಡಕಿಯಿಂದ ಒಳಗ ಬಂತು ನೋಡ್ರಿ, ಕೈಯಾಗಿನ ಚಹಾ ಅಲ್ಲೇ ಇಟ್ಟು ಹಿತ್ತಲಕ್ಕ ಎದ್ದು ಹೋದೆ. ‘ತಲಿ ನೋಯಾಕತ್ತದೇನ್ರಿ?’ ಅಂತ ಮನಿಯಾಕಿ ಕೇಳಿದಳು. ಹೂಂ ಅಂದೆ. ಸುಳ್ಳು. ತಲಿನೋವಲ್ಲ ಅದು, ನಾಚಿಕಿ. ಆ ವಾಸನಿ ಬಂದಾಗೊಮ್ಮೆ ನನಗ ಇಂಜಿನ್ ಕಾಕಾ ನೆನಪಾಗ್ತಾರ...

ಶಹಾಪುರದ ಹೊರಗ ಒಂದು ಐಸ್ ಫ್ಯಾಕ್ಟರಿ ಇತ್ತು. ಕೃಷ್ಣಾ ಹೊಳಿ ದಂಡಿ ಜನ ಹಿಡಿದ ಮೀನಿಗೆ ಅಲ್ಲಿಂದನೇ ಐಸ್ ಹೋಗ್ತಿತ್ತು. ನಾ ಡಿಪ್ಲೊಮಾ ಮುಗಿಸಿ ಹೊಸದಾಗಿ ಅಲ್ಲಿ ಸೂಪರ್‌ವೈಸರ್ ಆಗಿದ್ದೆ. ಕರೆಂಟ್ ಹೋದಾಗ ನಡಸೋ ಡಿಜೇಲ್ ಜನರೇಟರ್ ಕಾಕಾರ ಕೈಯಾಗಿತ್ತು. ಸುರಪುರದಾಚಿ ಹೊಳಿ ದಂಡಿ ಊರವರು, ಅರವತ್ತರ ಹತ್ತಿರದ ಮನುಷ್ಯ, ಸಾಲಿ ಮೆಟ್ಟಿಲು ಹತ್ತಿದವರಲ್ಲ. ಇಂಜಿನ್ ಮಾತ್ರ ಅವರ ಮಾತು ಕೇಳ್ತಿತ್ತು.

ಆ ಇಂಜಿನ್‌ಗೆ ಡಿಜೇಲ್ ಹೋಗೋ ಜಾಗದಾಗ ಒಂದು ಸೊಲೆನಾಯ್ಡ್ ಇತ್ತು, ಮುಷ್ಟಿಯಷ್ಟು ದೊಡ್ಡದು. ಚಾವಿ ತಿರುವಿದ್ರ ಅದಕ್ಕ ಬ್ಯಾಟ್ರಿ ಕರೆಂಟ್ ಬಂದು, ಟಕ್ ಅಂತ ಸಪ್ಪಳ ಮಾಡಿ, ಡಿಜೇಲಿಗೆ ದಾರಿ ಬಿಡಬೇಕು. ಆವಾಗ ಇಂಜಿನ್ ಏಳ್ತದ. ಕಾಕಾ ದಿನಾ ಅದರ ಮ್ಯಾಲ ಅಂಗೈ ಇಟ್ಟು, ಕಣ್ಣು ಮುಚ್ಚಿ, ಇನ್ನೊಂದು ಕೈಲೆ ಚಾವಿ ತಿರುವೋರು. ‘ಜ್ವರ ಬಂದದೇನು ನೋಡಾಕತ್ತೀರೇನ್ರಿ ಕಾಕಾ?’ ಅಂತ ನಾ ಚಾಷ್ಟಿ ಮಾಡ್ತಿದ್ದೆ. ‘ನಗ್ರಿ ಸಾಹೇಬ್ರ, ನಗ್ರಿ. ಇದು ಸುಮ್ಮನಾತಂದ್ರ ನಿಮ್ಮ ಫ್ಯಾಕ್ಟರಿನೂ ಸುಮ್ಮನಾಗ್ತದ’ ಅನ್ನೋರು. ನನ್ನ ವಯಸ್ಸು ಅವರ ಅರ್ಧನೂ ಇರಲಿಲ್ಲ, ಆದ್ರೂ ಸಾಹೇಬ್ರ ಅನ್ನೋದು ಬಿಡಲಿಲ್ಲ.

ಆ ವರ್ಷ ದಸರಾದಾಗ ಮಾನವಮಿ ಖಂಡೇ ಪೂಜಿಗೆ, ಅಂದ್ರ ಆಯುಧ ಪೂಜಿಗೆ, ಮಾಲಕರ ಬೀಗರು ಬರೋರಿದ್ರು. ಜನರೇಟರ್‌ಗೆ ಬಣ್ಣ ಹೊಡೀರಿ, ಹೊಸಾದು ಕಂಡಂಗ ಕಾಣಬೇಕು ಅಂತ ಹುಕುಂ ಆತು. ಕಾಕಾರ ಮನಿಯಾಗ ಮೀನು ಹಿಡಿಯೋ ಬಲಿಗೆ, ಹರಗೋಲಿಗೆ ಪೂಜಿ ಇತ್ತಲ್ಲ, ಅವರು ಊರಿಗೆ ಹೊಂಟಿದ್ರು. ಹೋಗೋ ಮುಂದ ಇಂಜಿನ್ ತಿಕ್ಕಿ ತೊಳದು, ಸೊಲೆನಾಯ್ಡಿನಿಂದ ಕರೆಂಟ್ ವಾಪಸ್ ಹೋಗೋ ಅರ್ಥಿಂಗ್ ವೈರ್ ಬಿಗಿದಿದ್ದ ಬೋಲ್ಟ್ ತೋರಿಸಿದ್ರು. ‘ಎಲ್ಲಾ ಕಡಿ ಹೊಡೀರಿ ಸಾಹೇಬ್ರ, ಇದೊಂದು ಮುಟ್ಟಬ್ಯಾಡ್ರಿ. ಇಲ್ಲಿ ವೈರಿಗೆ ಬರೇ ಕಬ್ಬಿಣನೇ ತಾಗಬೇಕು.’

ನನಗ ನೆತ್ತಿಗೇರಿತು. ಓದಿ ಬಂದಾಂವ ನಾ, ನನಗ ಈ ಮುದುಕ ಕಲಸಾಕ ಬಂದಾನ! ‘ಗೊತ್ತದ, ನಡೀರಿ’ ಅಂದೆ. ಅವರು ಬೇಜಾರಾಗಲಿಲ್ಲ. ಮೊಮ್ಮಕ್ಕಳು ಹಬ್ಬಕ್ಕ ತಣ್ಣನ್ನ ಶರಬತ್ತು ಕುಡೀಲಿ ಅಂತ ಒಂದು ಅಗಲ ಬಾಯಿ ಬಿಳಿ ಕ್ಯಾನ್ ಹಿಡದು ಐಸ್ ಚೂರು ಕೇಳಿದ್ರು. ನಾನೇ ಒಡದು ತುಂಬಿಕೊಟ್ಟೆ. ನಾನೇ.

ಅವರು ಹೋದ ಮ್ಯಾಲ ಬ್ರಷ್ ಹಿಡದು ನಿಂತೆ. ಬೂದಿ ಬಣ್ಣದ ನಡುವ ಆ ಒಂದು ಬೋಲ್ಟಿನ ಸುತ್ತ ಮಾತ್ರ ಕಪ್ಪಗ ಉಳೀತು, ಕಣ್ಣಿಗೆ ಹೊಡೀತಿತ್ತು. ಬಿಚ್ಚಿದೆ, ಬೋಲ್ಟಿಗೂ ಅದರ ಕೆಳಗೂ ದಪ್ಪಗ ಬಳದೆ, ಒಣಗಿದ ಮ್ಯಾಲ ವೈರ್ ಇಟ್ಟು ಬಿಗಿದೆ. ಪೂಜಿ ದಿನ ಬೀಗರು ‘ಹೊಸಾದು ತಂದೀರೇನ್ರಿ?’ ಅಂತ ಮಾಲಕರಿಗೆ ಕೇಳಿದಾಗ ನಾ ಪೂರಿಯಂಗ ಉಬ್ಬಿದ್ದೆ. ಹಬ್ಬದಾಗ ಕರೆಂಟ್ ಹೋಗಲೇ ಇಲ್ಲ, ಹಿಂಗಾಗಿ ಇಂಜಿನ್ ಯಾರೂ ಚಾಲೂ ಮಾಡಲಿಲ್ಲ.

ದಸರಾ ಮುಗಿದ ಮರುದಿನ ಮುಂಜಾನೆ ಕಾಕಾ ಬಂದ್ರು. ನನ್ನ ಕೈಯಾಗ ನಾಕು ಬನ್ನಿ ಎಲಿ ಇಟ್ಟು, ‘ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ’ ಅಂದ್ರು. ಸಣ್ಣಾಂವ ನಾ ಕಾಲು ಮುಟ್ಟಬೇಕಿತ್ತು. ಎಲಿ ಜೇಬಿನ್ಯಾಗ ತುರುಕಿಕೊಂಡು ನನ್ನ ಕೆಲಸಕ್ಕ ಹೋದೆ. ಕಾಕಾ ದಿನದಂಗ ಡ್ರಮ್ಮಿನಿಂದ ಒಂದಿಷ್ಟು ಡಿಜೇಲ್ ತಗದು ಜನರೇಟರಿನ ಟಾಕಿಗೆ ಸುರುವಿದ್ರು. ಒಂದು ತಾಸಿನಾಗ ಹೊರಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಹೋತು.

ಕಾಕಾ ಚಾವಿ ತಿರುವಿ ಸೆಲ್ಫ್ ಹೊಡದ್ರು. ಇಂಜಿನ್ ಜೋರಾಗೇ ತಿರಗ್ತು, ಏಳಲಿಲ್ಲ. ಸೈಲೆನ್ಸರ್‌ನ್ಯಾಗ ಹೊಗಿ ಸೈತ ಬರಲಿಲ್ಲ. ಕಾಕಾ ಸೊಲೆನಾಯ್ಡಿನ ಮ್ಯಾಲ ಅಂಗೈ ಇಟ್ಟು ನನ್ನ ಮುಖ ನೋಡಿದ್ರು. ‘ಡಿಜೇಲ್ ಅದ ಸಾಹೇಬ್ರ. ಇದಕ್ಕ ಕರೆಂಟ್ ಮುಟ್ಟವಲ್ದು. ಆ ಬೋಲ್ಟ್ ಬಿಚ್ಚಿ ನೋಡೂಣ್ರಿ.’

ಅವರು ಹೇಳಿದ್ದು ಖರೆ ಅಂತ ನನಗ ಆಗಲೇ ಹೊಳೀತು. ಆದ್ರ ಮಾಲಕರು ಬಂದು ಬಾಜೂಕ ನಿಂತಿದ್ರು. ಬಾಗಲ ಹೊರಗ ಕಾಕಾರ ಊರ ಹೆಣ್ಮಕ್ಕಳೇ ಮೀನಿನ ಬುಟ್ಟಿ ಇಟ್ಟುಕೊಂಡು ಐಸಿಗೆ ಕಾಯಾಕತ್ತಿದ್ರು. ಎಲ್ಲರ ಮುಂದ ನನ್ನ ತಪ್ಪು ಬಯಲಾಗ್ತದಲ್ಲ! ‘ಬೋಲ್ಟ್ ಏನ್ ಮಾಡ್ತದ? ಫಿಲ್ಟರ್ ಬಿಚ್ಚರಿ’ ಅಂದೆ. ಫಿಲ್ಟರ್ ಬಿಚ್ಚಿಸಿದೆ, ಪೈಪ್ ಬಿಚ್ಚಿಸಿದೆ, ಎಲ್ಲಾ ತಿರಗಿ ಕೂಡಿಸಿ ಒಳಗಿನ ಹವಾ ತಗಿಸಿದೆ. ಡಿಜೇಲ್ ಚಿಮ್ಮಿ ಕಾಕಾರ ಕಣ್ಣಿಗೆ ಹೋತು. ಅಂಗಿ ತೋಳಿನಿಂದ ಒರಸಿಕೊಂಡು ಮತ್ತ ಅದೇ ಮಾತು ಅಂದ್ರು. ಹೊರಗ ಬಿಸಲೇರಿ ಮೀನು ನಾರಾಕ ಹತ್ತಿದವು.

ಕಡೀಕ, ಮಾಲಕರು ಹೊರಗ ಹೆಣ್ಮಕ್ಕಳಿಗೆ ಸಮಾಧಾನ ಹೇಳಾಕ ಹೋದಾಗ, ಕೈ ಒರಸಾಕ ಬಟ್ಟಿ ತರ್ರಿ ಅಂತ ಕಾಕಾಗ ಆಚಿ ಕಳಿಸಿ, ಟೆಸ್ಟ್ ಬಲ್ಬ್ ತಗೊಂಡೆ. ಒಂದು ತುದಿ ಸೊಲೆನಾಯ್ಡಿಗೆ ಕರೆಂಟ್ ತರೋ ವೈರಿಗೆ, ಇನ್ನೊಂದು ಬ್ಯಾಟ್ರಿ ಮೈನಸ್‌ಗೆ ಇಟ್ಟೆ. ಬಲ್ಬ್ ಹತ್ತಿತು. ಮೈನಸ್ ಬಿಟ್ಟು ಆ ಅರ್ಥಿಂಗ್ ವೈರಿಗೆ ಇಟ್ಟೆ. ಹತ್ತಲಿಲ್ಲ. ಕರೆಂಟ್ ಬರ್ತಿತ್ತು, ವಾಪಸ್ ಹೋಗೋ ದಾರಿಗೆ ನನ್ನ ಬಣ್ಣ ಅಡ್ಡ ಇತ್ತು. ಬೋಲ್ಟ್ ಬಿಚ್ಚಿ, ಬ್ಲೇಡಿನಿಂದ ಗಡಬಡಿಸಿ ಕೆರದು, ಬಿಗಿದು ಚಾವಿ ತಿರುವಿದೆ. ಟಕ್ ಅಂತು. ಎರಡನೇ ಸೆಲ್ಫಿಗೆ ಇಂಜಿನ್ ಎದ್ದಿತು.

‘ಶಾಬಾಶ್!’ ಅಂತ ಮಾಲಕರು ಒಳಗ ಬಂದು ನನ್ನ ಬೆನ್ನು ಚಪ್ಪರಿಸಿದ್ರು. ‘ಏನಾಗಿತ್ತೋ?’

‘ಡಿಜೇಲ್ ಪೈಪಿನ್ಯಾಗ ಹವಾ ಹಿಡದಿತ್ರಿ’ ಅಂದೆ. ಬಾಯಿಗೆ ಬಂದ ಸುಳ್ಳು. ಯಾರೂ ಬಿಚ್ಚಲಾರದ ಪೈಪಿನ್ಯಾಗ ಟಾಕಿ ಖಾಲಿ ಆದ್ರನೇ ಹಂಗ ಹವಾ ಹೋಗೋದು, ಅದು ಮಾಲಕರಿಗೂ ಗೊತ್ತದ ಅನ್ನೋದು ಆ ಹೊತ್ತಿಗೆ ನನ್ನ ತಲಿಯಾಗ ಹೊಳೀಲಿಲ್ಲ.

ಬಟ್ಟಿ ಹಿಡದು ಬಂದ ಕಾಕಾರ ಮ್ಯಾಲ ಮಾಲಕರು ತಿರುಗಿ ಬಿದ್ರು. ‘ಚಾಲೂನೇ ಮಾಡಲಾರದ ಟಾಕಿ ಹೆಂಗ ಖಾಲಿ ಆತೋ? ನಾ ನೋಡೀನಿ, ಹಬ್ಬಕ್ಕ ಕ್ಯಾನ್ ತುಂಬಿಕೊಂಡು ಹೋದಿ, ಮುಂಜಾನೆ ಬಂದು ಗಪ್‌ಚಿಪ್ ಡಿಜೇಲ್ ಸುರುವಿದಿ. ಕಳ್ಳ ಮುದುಕಾ!’

‘ಕ್ಯಾನಿನ್ಯಾಗ ಐಸ್ ಇತ್ರಿ ಧಣ್ಯಾರ. ಸಾಹೇಬ್ರಿಗೆ ಗೊತ್ತದ...’ ಅಂತ ಕಾಕಾ ನನ್ನ ಕಡಿ ನೋಡಿದ್ರು. ಮಾಲಕರೂ ನೋಡಿದ್ರು. ಬಾಗಲದಾಗಿನ ಹೆಣ್ಮಕ್ಕಳೂ ನೋಡಿದ್ರು. ನಾ ಅವರ ಕೈಯಾಗಿನ ಬಟ್ಟಿ ತಗೊಂಡು ಕೈ ಒರಸಾಕ ಹತ್ತಿದೆ. ಒಂದೊಂದೇ ಬೆರಳು ಒರಸಿದೆ. ಥೂ ನನ್ನ ಜನ್ಮಕ್ಕ! ಹೌದ್ರಿ, ಐಸ್ ಇತ್ತು ಅಂದಿದ್ರ ನನ್ನ ಗಂಟೇನು ಹೋಗ್ತಿತ್ತು? ಆದ್ರ ಅದನ್ನ ಹೇಳಿದ್ರ ಮತ್ತ ಪೈಪಿನ್ಯಾಗ ಹವಾ ಹೆಂಗ ಬಂತು ಅಂತ ಕೇಳ್ತಿದ್ರು, ಆಮ್ಯಾಲ ಬಣ್ಣದ ಮಾತು ಬರ್ತಿತ್ತು...

ಕಾಕಾ ಸೊಲೆನಾಯ್ಡಿನ ಮ್ಯಾಲ ಒಮ್ಮೆ ಅಂಗೈ ಇಟ್ರು. ಆಮ್ಯಾಲ ಬಾಗಲು ದಾಟಿ ಹೋದ್ರು. ಹೊರಗ ಅವರ ಬಳಗದಾಕಿನೇ ಒಬ್ಬಾಕಿ ಮುಖ ಆ ಕಡಿ ತಿರುವಿದಳು. ಮತ್ತ ಅವರು ಫ್ಯಾಕ್ಟರಿಗೆ ಬರಲಿಲ್ಲ. ನನಗ ಒಂದು ವರ್ಷದಾಗ ಮ್ಯಾನೇಜರ್ ಮಾಡಿದ್ರು.

ಎಷ್ಟೋ ವರ್ಷದ ಮ್ಯಾಲ, ಫ್ಯಾಕ್ಟರಿ ಮುಚ್ಚಿ ನಾ ಯಾದಗಿರಿಗೆ ಬಂದ ಮ್ಯಾಲ, ಒಂದಿನ ಮನಸ್ಸು ಗಟ್ಟಿ ಮಾಡಿ ಅವರ ಊರಿಗೆ ಹೋದೆ. ಕಾಕಾ ತೀರಿಕೊಂಡು ಎರಡು ಮಳಿಗಾಲ ಆಗಿತ್ತು. ಕಾಕಿ ಕಟ್ಟಿ ಮ್ಯಾಲ ಕುಂತು ಬಲಿ ಹೆಣಿಯಾಕತ್ತಿದ್ಲು. ಯಾರಂತ ಹೇಳಿದ ಕೂಡ್ಲೇ ಎದ್ದು ನಿಂತಳು.

‘ಬರ್ರಿ, ಕೂಡ್ರಿ. ಊರ ಮಂದಿ ಡಿಜೇಲ್ ಕಳ್ಳ ಅಂದ್ರು ಸಾಹೇಬ್ರ. ಸಾಯೋತನಕ ಅವ್ರು ಬ್ಯಾರೆ ಯಾರ ಇಂಜಿನ್ನಿಗೂ ಕೈ ಹಚ್ಚಲಿಲ್ಲ. ಆ ಸಣ್ಣ ಸಾಹೇಬ್ರಿಗೆ ಎಲ್ಲಾ ಗೊತ್ತದ, ಪಾಪ ಹೊಸಾ ನೌಕರಿ, ಬಾಯಿ ಬಿಡಾಕ ಆಗಲಿಲ್ಲ, ಒಂದಿಲ್ಲೊಂದಿನ ಬಂದು ಊರ ಮುಂದ ಹೇಳ್ತಾರ ಅಂತಿದ್ರು.’ ಆಕಿ ನನ್ನ ಮುಖ ನೋಡಿ ಕೇಳಿದಳು: ‘ಹೇಳಾಕ ಬಂದೀರೇನ್ರಿ?’

ಕಟ್ಟಿ ಮುಂದ ಆಗಲೇ ನಾಕೈದು ಮಂದಿ ನಿಂತಿದ್ರು. ‘ಇಲ್ರಿ ಕಾಕಿ, ಸುರಪುರಕ್ಕ ಕೆಲಸ ಇತ್ತು... ಹಂಗೇ ಮಾತಾಡಿಸಿ ಹೋಗೂಣಂತ’ ಅಂದೆ. ಆಕಿ ಒಳಗ ಹೋಗಿ ಚಹಾ ಮಾಡಿಕೊಂಡು ಬಂದ್ಲು. ಕುಡದು ಬಂದೆ.

ಕಾಕಾಗ ಹೇಳಬೇಕಂದ್ರ ಇನ್ನ ಅವರಿಲ್ಲ. ಕಾಕಿ ಇನ್ನೂ ಅದಾಳ, ಬಸ್ಸಿನ್ಯಾಗ ಹೋದ್ರ ಅರ್ಧ ದಿನದ ದಾರಿ. ಅಲ್ಲಿಗೆ ಹೋಗೋದು ಬಿಟ್ಟು ಇಲ್ಲಿ ಕುಂತು ಇದನ್ನೆಲ್ಲ ಬರದೀನಿ, ಒಂದಕ್ಷರ ಮುಚ್ಚಿಡಲಾರದ. ಆಕಿಗೆ ಓದಾಕ ಬರಂಗಿಲ್ಲ. ಅದು ನನಗ ಗೊತ್ತದ.