ಹನ್ನೊಂದನೆಯ ಫಾರಂ

ಬೈಂಡರ್ ಏಕಾಂತಪ್ಪ ಅಂದರೆ ಯಾರು ಎಂದು ದಾವಣಗೆರೆಯ ಪುಸ್ತಕ ಓದುವವರನ್ನು ಕೇಳಿ ನೋಡಿ. "ವಾಚನಾಲಯದ ಕಾದಂಬರಿಯ ಹಾಳೆ ಕಳೆದವನಲ್ಲವೇ" ಎನ್ನುತ್ತಾರೆ. ಮೂವತ್ತು ವರ್ಷ ಮೈಮುರಿದು ದುಡಿದ ಮನುಷ್ಯನಿಗೆ ಊರು ಕೊಟ್ಟ ಬಿರುದು ಇದು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಹಾಳೆಗಳು ಏನಾದವು ಎಂದು ಬಲ್ಲವರು ನಾವಿಬ್ಬರೇ. ಅವನು ಬಾಯಿ ಬಿಡುವ ಪೈಕಿ ಅಲ್ಲ. ಹಾಗಾಗಿ ಹತ್ತಿ ಮಂಡಿಯ ಗುಮಾಸ್ತ ವಾಮದೇವಪ್ಪನಾದ ನಾನೇ ಹೇಳಬೇಕಾಗಿದೆ.

ಮಂಡಿಪೇಟೆಯ ಹಿಂದಿನ ಒಂದು ಓಣಿಯಲ್ಲಿ ಅವನ ಅಂಗಡಿ. ಕೂರಲು ಒಂದು ಚಾಪೆ, ಪುಸ್ತಕ ಒತ್ತಲು ಒಂದು ಮರದ ಪ್ರೆಸ್ಸು, ಮೈದಾ ಅಂಟು ಕುದಿಸಲು ಒಂದು ಒಲೆ. ಹುಳ ಹಿಡಿಯಬಾರದೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದ, ಅದರಿಂದ ಬೆರಳ ತುದಿಗಳು ಸದಾ ನೀಲಿ. ಬೀದಿಯಲ್ಲಿ ಅಚ್ಚಾದ ಕಾಗದದ ಚೂರು ಬಿದ್ದಿದ್ದರೆ ಎತ್ತಿ, ಕಣ್ಣಿಗೊತ್ತಿಕೊಂಡು, ಯಾರೂ ತುಳಿಯದ ಹಾಗೆ ಗೋಡೆಯ ಸಂದಿಗೆ ಸಿಕ್ಕಿಸಿ ಮುಂದೆ ಹೋಗುತ್ತಿದ್ದ. ಮಾತು ಕಡಿಮೆ. ಸುಳ್ಳು ಅಂತೂ ನಾನು ಕೇಳಿದ್ದು ಒಂದೇ ಒಂದು.

ಊರಿನ ವಾಚನಾಲಯವೊಂದು ಹೊಸ ಕಾದಂಬರಿ ತರಿಸಿದರೆ ಅದು ಮೊದಲು ಇವನ ಅಂಗಡಿಗೆ ಬರುತ್ತಿತ್ತು. ತೆಳು ಹೊದಿಕೆ ಕಿತ್ತು ದಪ್ಪ ರಟ್ಟು ಹಾಕಿಕೊಡಲು ಹದಿನೈದು ದಿನ ಗಡುವು. ಕೆಲಸ ನಿಜವಾಗಿ ಎರಡೇ ದಿನದ್ದು. ಉಳಿದ ಹದಿಮೂರು ದಿನ ಕಾದಂಬರಿ ನಮ್ಮದು. ದಾರ ಕತ್ತರಿಸಿದರೆ ಪುಸ್ತಕ ಹದಿನಾರು ಹದಿನಾರು ಪುಟದ ಕಟ್ಟುಗಳಾಗಿ ಬಿಚ್ಚಿಕೊಳ್ಳುತ್ತದೆ. ಒಂದೊಂದು ಕಟ್ಟಿಗೆ ಫಾರಂ ಎನ್ನುತ್ತಾರೆ. ಒಂದೇ ಪುಸ್ತಕವನ್ನು ಹೀಗೆ ಬಿಡಿಸಿ ನಾವು ನಾಲ್ಕು ಜನ ಏಕಕಾಲಕ್ಕೆ ಓದುತ್ತಿದ್ದೆವು: ಏಕಾಂತಪ್ಪ, ನಾನು, ರೈಲ್ವೆಯ ಪಾಯಿಂಟ್ಸ್‌ಮನ್ ಹಯಾತ್ ಸಾಬ್, ಹರಿಹರದಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಶಿವಯೋಗಪ್ಪನವರು. ಹರಿಹರಕ್ಕೆ ಹೋಗುವ ಫಾರಂಗಳು ಹಯಾತ್ ಸಾಬನ ಊಟದ ಡಬ್ಬಿಯ ಕೆಳ ಅಂತಸ್ತಿನಲ್ಲಿ ಪ್ರಯಾಣ ಮಾಡುತ್ತಿದ್ದವು. ಎಷ್ಟೋ ದುಃಖದ ಪ್ರಸಂಗಗಳನ್ನು ಶಿವಯೋಗಪ್ಪನವರು ಉಪ್ಪಿನಕಾಯಿಯ ವಾಸನೆಯಲ್ಲೇ ಓದಿದ್ದಾರೆ.

ಒಂದು ನಿಯಮವಿತ್ತು. ಕೊನೆಯ ಫಾರಂ ಯಾರೂ ಒಬ್ಬರೇ ಓದಕೂಡದು. ಎರಡು ವಾರಕ್ಕೊಮ್ಮೆ ಭಾನುವಾರ ಹರಿಹರದ ಶಿವಯೋಗಪ್ಪನವರ ಪಡಸಾಲೆಯಲ್ಲಿ ಸೇರಿ, ಅದನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳಬೇಕು. ಓದುವ ಕೆಲಸ ಏಕಾಂತಪ್ಪನದು. ಟೀಕೆಯ ಗುತ್ತಿಗೆ ನನ್ನದು. ಎಲ್ಲರದೂ ಮುಗಿದ ಮೇಲೆ ಕೊನೆಗೆ "ಒಳಗಿನ ಅಭಿಪ್ರಾಯ". ಶಿವಯೋಗಪ್ಪನವರ ತಂಗಿ ಶಾಂತಕುಮಾರಿ ನಡುಮನೆಯ ಬಾಗಿಲ ಪರದೆಯ ಹಿಂದೆ ನಿಂತು ಕೇಳುತ್ತಿದ್ದಳು. ಅಣ್ಣನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು, ಅವರು ಹೊರಗೆ ಬಂದು "ನಮ್ಮ ತಂಗಿ ಹಿಂಗಂತಾಳೆ" ಎಂದು ಹೇಳುತ್ತಿದ್ದರು. ನಮಗೆ ಕಾಣುತ್ತಿದ್ದುದು ಪರದೆಯ ಕೆಳಗಿನ ಎರಡು ಪಾದ, ಕಾಲುಂಗುರ, ಅಷ್ಟೇ. ನನ್ನ ಅಭಿಪ್ರಾಯಗಳನ್ನು ಆಕೆ ಎರಡೇ ಮಾತಿನಲ್ಲಿ ನೆಲಕ್ಕೆ ಕೆಡವಿದ್ದು ಎಷ್ಟು ಸಲವೋ.

ಆಕೆಯನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದರು. ಮೂರು ವರ್ಷದ ಹಿಂದೆ ಗಂಡ ಇನ್ನೊಬ್ಬಳನ್ನು ತಂದು ಇವಳನ್ನು ತವರಿಗೆ ಅಟ್ಟಿದ. ಈಗ, ಅಂದರೆ ಅರವತ್ತೊಂದನೇ ಇಸವಿಯ ಆ ಬೇಸಿಗೆಯಲ್ಲಿ, ಎರಡನೆಯವಳು ಬಸುರಿ, ಮನೆಗೆಲಸಕ್ಕೆ ಜನವಿಲ್ಲ. ಬುಧವಾರ ಬಂದು ಕರೆದೊಯ್ಯುತ್ತೇವೆ ಎಂದು ಕಾಗದ ಬಂದಿತ್ತು. ಶಾಂತಕುಮಾರಿ ಲೋಯರ್ ಸೆಕೆಂಡರಿ ಪಾಸಾಗಿದ್ದಳು. ಮಾಸ್ತರಿಕೆ ತರಬೇತಿಗೆ ಅರ್ಜಿ ತುಂಬಿ ಇಟ್ಟುಕೊಂಡಿದ್ದಳು. ಅದಕ್ಕೆ ಅಣ್ಣನ ಸಹಿ ಆಗಬೇಕಿತ್ತು.

ಶಿವಯೋಗಪ್ಪನವರು ಕೆಟ್ಟವರಲ್ಲ. ಸ್ವಂತ ನಿರ್ಧಾರ ಮಾಡುವ ಎದೆ ಇಲ್ಲದವರು, ಅಷ್ಟೇ. ಕಾದಂಬರಿ ಬರೆಯುವವರು ಲೋಕ ಕಂಡವರು ಎಂಬ ನಂಬಿಕೆ ಅವರದು. ಹಿಂದೊಮ್ಮೆ ದಾಯಾದಿಗಳ ಕಥೆಯೊಂದನ್ನು ಓದಿ, ಹತ್ತು ವರ್ಷ ಮಾತು ಬಿಟ್ಟಿದ್ದ ಚಿಕ್ಕಪ್ಪನ ಮಗನ ಮನೆಗೆ ಹೋಗಿ ಉಂಡು ಬಂದಿದ್ದರು. ಈ ಸಲ ನಮ್ಮ ಕೈಗೆ ಬಂದ ಕಾದಂಬರಿಯ ಗ್ರಹಚಾರ ನೋಡಿ. ಅದರ ಹೆಸರು ಹೇಳುವುದಿಲ್ಲ, ಬರೆದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ನಾಯಕಿ ಸುಮತಿ. ಗಂಡ ಬಿಟ್ಟವಳು, ಹೊಲಿಗೆ ಕಲಿತು ಬದುಕು ಕಟ್ಟಿಕೊಂಡವಳು. ಹತ್ತನೆಯ ಫಾರಂ ಮುಗಿಯುವ ಹೊತ್ತಿಗೆ ಗಂಡನ ಕಾಗದ ಬರುತ್ತದೆ, ಹೊರಟು ಬಾ ಅಂತ. ಅದನ್ನು ಓದಿದ ಶಿವಯೋಗಪ್ಪನವರು ಹಯಾತ್ ಸಾಬನ ಕೈಲಿ ಹೇಳಿ ಕಳಿಸಿದರು: "ಸುಮತಿ ಏನ್ ಮಾಡ್ತಾಳೋ ಭಾನುವಾರ ನೋಡಾಣ. ಅದರ ಮ್ಯಾಲೆ ನಾನೂ ನಿರ್ಧಾರಕ್ಕೆ ಬರ್ತೀನಿ."

ಶನಿವಾರ ಸಂಜೆ ನಾನು ಅಂಗಡಿಗೆ ಹೋದಾಗ ಏಕಾಂತಪ್ಪ ಹಿತ್ತಲಿಗೆ ನೀರು ತರಲು ಹೋಗಿದ್ದ. ಕೊನೆಯದಾದ ಹನ್ನೊಂದನೆಯ ಫಾರಂ ಪ್ರೆಸ್ಸಿನ ಮೇಲಿತ್ತು. ನನ್ನ ಚಪಲ. ನಿಂತಲ್ಲೇ ಓದಿಬಿಟ್ಟೆ. ಸುಮತಿ ಹೋಗುತ್ತಾಳೆ. ಸವತಿಯ ಬಾಣಂತನ ಮಾಡುತ್ತಾಳೆ. ಗಂಡನ ಪಾದದ ಮೇಲೆ ತಲೆಯಿಟ್ಟು ಮುತ್ತೈದೆಯಾಗಿ ಸಾಯುತ್ತಾಳೆ. ನನಗೆ ಕಣ್ಣೀರು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ಶಾಂತಕುಮಾರಿಯ ನೆನಪೇ ಆಗಲಿಲ್ಲ. ಭೇಷ್ ಎಂದುಕೊಂಡೆ. ಕರುಣರಸದ ಬಗ್ಗೆ ನಾಳೆ ಏನೇನು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಮನೆಗೆ ಹೋದೆ.

ಭಾನುವಾರ ಬೆಳಗಿನ ರೈಲಿನಲ್ಲಿ ಏಕಾಂತಪ್ಪ ಕೋಟಿನ ಗುಂಡಿ ಕುತ್ತಿಗೆಯವರೆಗೂ ಹಾಕಿಕೊಂಡು ಕೂತಿದ್ದ. ಅಂಥ ಸೆಕೆಯಲ್ಲೂ ಬಿಚ್ಚಲಿಲ್ಲ. ಕಿಟಕಿಯ ಕಡೆ ಮುಖ.

ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಮಂಡಕ್ಕಿ, ಮೆಣಸಿನಕಾಯಿ ಬಂದವು. ಯಾರೂ ಕೈ ಹಾಕಲಿಲ್ಲ. ಪರದೆಯ ಕೆಳಗೆ ಪಾದಗಳು ಆಗಲೇ ಬಂದು ನಿಂತಿದ್ದವು.

"ತಗೀರಿ ಏಕಾಂತಪ್ಪನೋರೆ" ಎಂದರು ಶಿವಯೋಗಪ್ಪ.

ಅವನು ಚೀಲ ಬಿಚ್ಚಿ ಒಂದೊಂದೇ ಫಾರಂ ಎಣಿಸಿ ಕಂಬಳಿಯ ಮೇಲಿಟ್ಟ. ಹತ್ತು. ಚೀಲ ಕೊಡವಿದ. ಬರಿ ಚೀಲ.

"ಹನ್ನೊಂದನೇದು ಇಲ್ರಿ. ಎಲ್ಲೋ ಕಳದೀನಿ."

ಹಯಾತ್ ಸಾಬ್ ನಕ್ಕುಬಿಟ್ಟ, ತಮಾಷೆ ಎಂದುಕೊಂಡು. ಶಿವಯೋಗಪ್ಪನವರ ಮುಖ ನೋಡಿ ಬಾಯಿ ಮುಚ್ಚಿದ. ಬೀದಿಯ ಚೂರು ಕಾಗದ ಬಿಡದವನು ಫಾರಂ ಕಳೆಯುವುದೆಂದರೇನು?

"ಕಳದ್ರಾ? ಬುಧವಾರ ಅವರು ಬರ್ತಾರಲ್ರಿ. ಧಾರವಾಡದಿಂದ ಇನ್ನೊಂದು ಪ್ರತಿ ತರಿಸಾಕ ವಾರ ಬೇಕು" ಎಂದರು ಶಿವಯೋಗಪ್ಪ.

"ನಾನು ಓದೀನ್ರಿ. ದಾರ ಕತ್ತರಿಸೋವಾಗ ಕಣ್ಣಿಗೆ ಬಿತ್ತು. ಕಥೆ ಹೇಳ್ತೀನಿ" ಎಂದ ಏಕಾಂತಪ್ಪ.

"ಹೇಳ್ರಿ ಮತ್ತೆ. ಸುಮತಿ ಹೋಗ್ತಾಳೋ ಇಲ್ಲೋ?"

"ಹೋಗಲ್ರಿ."

ಅವನು ನೀಲಿ ಬೆರಳುಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ನೆಲ ನೋಡುತ್ತ ಹೇಳಿದ. "ಗಂಡನ ಕಾಗದ ಓದ್ತಾಳೆ. ಮಡಚಿ ಮಿಷನ್ನಿನ ಡ್ರಾಯರಿನಾಗ ಇಡ್ತಾಳೆ. ಮಾರನೇ ದಿನ ಸಾಲಿ ಮಕ್ಕಳ ಅಂಗಿ ಕೊಡೋದಿರ್ತೈತೆ. ಹೊಲೀತಾ ಕುಂದುರ್ತಾಳೆ."

"ಆಮ್ಯಾಲೆ?"

"ಅಷ್ಟೇರಿ."

"ಅಷ್ಟಕ್ಕ ಹದಿನಾರು ಪುಟಾನಾ?" ಶಿವಯೋಗಪ್ಪನವರು ವ್ಯಾಪಾರಸ್ಥರು, ತೂಕದಲ್ಲಿ ಮೋಸ ಗೊತ್ತಾಗುವ ಮನುಷ್ಯ. "ಏಕಾಂತಪ್ಪನೋರೆ, ನನ್ನ ಮುಖ ನೋಡಿ ಹೇಳ್ರಿ. ಇದು ಒಂದು ಹೆಣ್ಣಿನ ಬಾಳಿನ ಮಾತು."

ಏಕಾಂತಪ್ಪ ತಲೆ ಎತ್ತಿದ. ಹಣೆಯಿಂದ ಬೆವರು ಇಳಿಯುತ್ತಿತ್ತು. "ನಡುವೆ ಮಳೆ ವರ್ಣನೆ ಐತ್ರಿ" ಎಂದ.

ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಹೇಳಿದರೆ ಹೀಗೇ. ಮಗು ಕೂಡ ನಂಬುವುದಿಲ್ಲ. ಶಿವಯೋಗಪ್ಪ ನಿಧಾನವಾಗಿ ತಲೆ ಅಲ್ಲಾಡಿಸಿದರು. "ಒಬ್ಬರ ಮಾತಿನ ಮ್ಯಾಲೆ ಹೆಂಗೆ ಹೋಗೋದು? ಕಳಿಸಿಬಿಡೋದೇ ಚಲೋ ಏನೋ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಪರದೆಯ ಕೆಳಗಿನ ಪಾದ ಒಂದು ಹೆಜ್ಜೆ ಹಿಂದೆ ಸರಿಯಿತು.

ಆ ಒಂದು ಹೆಜ್ಜೆ ಕಂಡ ಮೇಲೆ ನನಗೆ ಅರ್ಥವಾಯಿತು, ಕೋಟಿನ ಗುಂಡಿ ಯಾಕೆ ಬಿಚ್ಚಲಿಲ್ಲ ಅಂತ.

"ನಾನೂ ಓದೀನ್ರಿ" ಎಂದೆ.

ಏಕಾಂತಪ್ಪ ನನ್ನ ಕಡೆ ತಿರುಗಿದ. ಮುಖದಲ್ಲಿ ರಕ್ತ ಇರಲಿಲ್ಲ. ನಾನು ಓದಿದ್ದು ಅವನಿಗೆ ಗೊತ್ತಿರಲಿಲ್ಲವಲ್ಲ. ಎಂದೂ ಬಾಯಿ ಕಟ್ಟಿಕೊಳ್ಳದ ಈ ವಾಮದೇವಪ್ಪ ಈಗ ಇದ್ದದ್ದು ಇದ್ದ ಹಾಗೆ ಒದರುತ್ತಾನೆ ಎಂದು ಅವನು ಹೆದರಿದ್ದ. ಆಣೆ ಮಾಡಿ ಹೇಳುತ್ತೇನೆ, ನಾಲಿಗೆಯ ತುದಿಯಲ್ಲಿ ಆ ಕರುಣರಸ ಇನ್ನೂ ಕೂತಿತ್ತು.

"ನಿಯಮ ಏನಾತ್ರಿ?" ಎಂದರು ಶಿವಯೋಗಪ್ಪ.

"ಮುರದೆ. ನಿನ್ನೆ ಸಂಜಿಗೆ ಅಂಗಡ್ಯಾಗ ಕದ್ದು ಓದಿದೆ. ತಪ್ಪಾತು. ಆದ್ರ ಏಕಾಂತಪ್ಪ ಹೇಳಿದ್ದು ಖರೆ. ಮಳೆ ವರ್ಣನೇನೇ ನಾಕು ಪುಟ ಐತೆ, ಓದಿ ಓದಿ ನನಗ ನೆಗಡಿ ಆತು. ಕೊನೆ ಮಾತ್ರ ಬಾಳ ಸಪ್ಪೆ. ಬರೆದೋರಿಗೆ ಧೈರ್ಯ ಸಾಲಲಿಲ್ಲ."

ನನ್ನ ಬೈಗುಳವೇ ಸಾಕ್ಷಿಯಾಯಿತು. ಇಲ್ಲದ ಪುಟಗಳನ್ನು ಯಾರಾದರೂ ಹೀಗೆ ಬೈಯುತ್ತಾರೆಯೇ? ಶಿವಯೋಗಪ್ಪನವರ ಹಣೆಯ ಗಂಟು ಸ್ವಲ್ಪ ಸಡಿಲವಾಯಿತು. "ನನಗ ಪಸಂದ್ ಆತು ನೋಡ್ರಿ" ಎಂದ ಹಯಾತ್ ಸಾಬ್, ಏನೂ ಅರಿಯದೆ. "ಇನ್ನ ಒಳಗಿನ ಅಭಿಪ್ರಾಯ" ಎಂದು ಶಿವಯೋಗಪ್ಪ ಏಳಲು ಹೋದರು. ಅವರು ಏಳುವ ಮೊದಲೇ ಪರದೆಯ ಹಿಂದಿನಿಂದ ದನಿ ಬಂತು. ಅಷ್ಟು ವರ್ಷದಲ್ಲಿ ನಾವು ಆ ದನಿ ಕೇಳಿದ್ದು ಅದೇ ಮೊದಲು.

"ಸಪ್ಪೆ ಇದ್ರೂ ಚಲೋ ಐತೆ ಅಂತ ಹೇಳಣ್ಣ."

ವಾಪಸು ಹೊರಟಾಗ ಹರಿಹರದ ಸ್ಟೇಷನ್ನಿನಲ್ಲಿ ಏಕಾಂತಪ್ಪ ಕೋಟು ಬಿಚ್ಚಿದ. ಅಂಗಿಯ ಒಳಗೆ, ಬೆವರಿನಲ್ಲಿ ಮೆತ್ತಗಾಗಿ, ಹನ್ನೊಂದನೆಯ ಫಾರಂ ಇತ್ತು. "ಆಕೆ ಅಲ್ಲಿ ನಿಂತು ಕೇಳ್ತಿರೋವಾಗ ಇದನ್ನ ಓದಾಕ ನನ್ನಿಂದ ಆಗ್ತಿರಲಿಲ್ಲ ವಾಮದೇವಪ್ಪ" ಎಂದ.

"ಆತಲ್ಲ, ಇನ್ನ ಸೇರಿಸಿ ಹೊಲದು ವಾಚನಾಲಯಕ್ಕ ಕೊಟ್ಟುಬಿಡು."

"ಮಂಗಳವಾರ ಶಿವಯೋಗಪ್ಪನೋರು ಮಂಡಿಗೆ ಬರ್ತಾರೆ. ವಾಚನಾಲಯಕ್ಕ ಹೋಗಿ ನೋಡದೇ ಇರ್ತಾರೇನು?"

ಆ ಸಂಜೆ ಅಂಟು ಕುದಿಸುವ ಒಲೆಗೆ ಅವನು ಆ ಹದಿನಾರು ಪುಟ ಹಾಕಿದ. ಹಾಕುವ ಮೊದಲು ಕಣ್ಣಿಗೊತ್ತಿಕೊಂಡ. ನಾನು ಪಕ್ಕದಲ್ಲೇ ಇದ್ದೆ.

ಅವನು ಹೇಳಿದ ಹಾಗೇ ಆಯಿತು. ಮಂಗಳವಾರ ಅವನು ಪುಸ್ತಕ ಒಪ್ಪಿಸುವಾಗ ಶಿವಯೋಗಪ್ಪ ವಾಚನಾಲಯದ ಬೆಂಚಿನ ಮೇಲೆ ಹಾಜರಿದ್ದರು. ಕಳೆದ ಫಾರಂ ಜಾಗದಲ್ಲಿ ಏಕಾಂತಪ್ಪ ಹದಿನಾರು ಪುಟ ಖಾಲಿ ಹಾಳೆ ಸೇರಿಸಿ ಹೊಲಿದಿದ್ದ. ವಾಚನಾಲಯದ ಕಾರ್ಯದರ್ಶಿ, ಪತ್ರಿಕೆ ಓದುತ್ತಿದ್ದ ಹತ್ತಿಪ್ಪತ್ತು ಜನರ ಎದುರಿಗೆ ಅವನನ್ನು ನಿಲ್ಲಿಸಿ ಜಾಡಿಸಿದರು. "ಹಾಳೆ ಕಾಯಾಕ ಬರದೋನಿಗೆ ಬೈಂಡಿಂಗ್ ಯಾಕ? ನಾಳಿಂದ ನಮ್ಮ ಒಂದು ಪುಸ್ತಕಾನೂ ಮುಟ್ಟಬ್ಯಾಡ." ಏಕಾಂತಪ್ಪ ತಲೆ ತಗ್ಗಿಸಿ ನಿಂತಿದ್ದ. ಶಿವಯೋಗಪ್ಪ ಪುಸ್ತಕ ತೆಗೆದುಕೊಂಡು ಆ ಖಾಲಿ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು, ಆಮೇಲೆ ಅವನ ಮುಖ ನೋಡಿದರು. "ಹೋಗ್ಲಿ ಬಿಡ್ರಿ. ಬೇಕಂತ ಯಾರಾದ್ರೂ ಕಳೀತಾರಾ" ಎಂದು ಕಾರ್ಯದರ್ಶಿಗೆ ಹೇಳಿ ರೈಲಿಗೆ ಹೋದರು.

ಬುಧವಾರ ರಾಣೆಬೆನ್ನೂರಿನವರು ಊಟ ಮಾಡಿಕೊಂಡು, ಬಂದ ದಾರಿಯಲ್ಲೇ ಬರಿಗೈಲಿ ಹೋದರು ಎಂದು ಹಯಾತ್ ಸಾಬ್ ಸುದ್ದಿ ತಂದ. ಅರ್ಜಿಗೆ ಸಹಿ ಬಿತ್ತು. ಶಿವಯೋಗಪ್ಪ ಆಮೇಲೆ ಬೇರೆ ಪ್ರತಿ ಓದಿದರೋ ಇಲ್ಲವೋ ತಿಳಿಯದು. ಓದಿದ್ದರೂ ಆ ಮಾತು ಎಂದೂ ಎತ್ತಲಿಲ್ಲ.

ವಾಚನಾಲಯದ ಕೆಲಸ ಹೋಯಿತು. ಅದನ್ನು ನೋಡಿ ಉಳಿದವರೂ ಕೈಬಿಟ್ಟರು. ಏಕಾಂತಪ್ಪ ಶಾಲೆಯ ಮಕ್ಕಳ ನೋಟುಬುಕ್ಕು ಹೊಲಿದುಕೊಂಡು ಕಾಲ ಹಾಕಿದ. ಹೊಸ ಕಾದಂಬರಿ ಬರುವುದು ನಿಂತ ಮೇಲೆ ನಮ್ಮ ಭಾನುವಾರಗಳೂ ನಿಂತವು. ನಿಜ ಹೇಳಿಬಿಡೋಣ ಎಂದು ನಾನು ಎಷ್ಟೋ ಸಲ ಹಾರಾಡಿದೆ. ಪ್ರತಿ ಸಲವೂ "ಬ್ಯಾಡ" ಎನ್ನುತ್ತಿದ್ದ, ಅಷ್ಟೇ.

ಅರವತ್ತೆಂಟರಲ್ಲಿ ವಾಚನಾಲಯಕ್ಕೆ ಹೊಸ ಕಾರ್ಯದರ್ಶಿ ಬಂದರು. ಹಳೆಯ ಕಥೆ ಅವರಿಗೆ ಗೊತ್ತಿರಲಿಲ್ಲವೋ, ಬೇರೆ ಯಾರೂ ಅಷ್ಟು ಗಟ್ಟಿಯಾಗಿ ಹೊಲಿಯಲಿಲ್ಲವೋ, ಒಂದು ಮೂಟೆ ಹರಕು ಪುಸ್ತಕ ಏಕಾಂತಪ್ಪನ ಅಂಗಡಿಗೆ ಕಳಿಸಿದರು. ಅದರಲ್ಲಿ ಆ ಕಾದಂಬರಿಯೂ ಇತ್ತು. ಅವನು ನನಗೆ ಹೇಳಿ ಕಳಿಸಿದ.

ಖಾಲಿ ಬಿಟ್ಟ ಹದಿನಾರು ಪುಟ ಖಾಲಿ ಇರಲಿಲ್ಲ. ಏಳು ವರ್ಷದಲ್ಲಿ ಓದಿದವರೆಲ್ಲ ಪೆನ್ಸಿಲಿನಲ್ಲಿ ತಮ್ಮ ತಮ್ಮ ಕೊನೆ ಬರೆದಿದ್ದರು. ಒಬ್ಬ ಸುಮತಿಗೆ ಪೋಸ್ಟ್ ಮಾಸ್ತರನ ಜೊತೆ ಮದುವೆ ಮಾಡಿಸಿದ್ದ. ಒಬ್ಬ ಬಾವಿಗೆ ನೂಕಿದ್ದ. ಒಬ್ಬ ಗಂಡನಿಗೇ ಕುಷ್ಠರೋಗ ತರಿಸಿದ್ದ. ಅದರ ಪಕ್ಕದಲ್ಲಿ ಇನ್ನೊಬ್ಬ "ನಿನಗೆ ಬರಲಿ" ಎಂದು ಬರೆದಿದ್ದ. ನಾವಿಬ್ಬರೂ ಬಹಳ ದಿನದ ಮೇಲೆ ಹೊಟ್ಟೆ ಹಿಡಿದು ನಕ್ಕೆವು.

ಕೊನೆಯ ಪುಟದ ಬರಹ ಬೇರೆಯಾಗಿತ್ತು. ಕಪ್ಪು ಹಲಗೆಯ ಮೇಲೆ ಬರೆದು ರೂಢಿಯಾದವರ ದುಂಡು ಅಕ್ಷರ. ಏಕಾಂತಪ್ಪ ಎಂದಿನಂತೆ ಗಟ್ಟಿಯಾಗಿ ಓದತೊಡಗಿದ, ನಡುವೆಯೇ ನಿಲ್ಲಿಸಿದ. ಪುಸ್ತಕ ನನ್ನ ಕೈಗೆ ಕೊಟ್ಟ. ನಾನು ಓದಿದೆ.

"ಸುಮತಿ ಹೋಗಲಿಲ್ಲ. ಮಾಯಕೊಂಡದ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಪಾಠ ಮಾಡುತ್ತಾಳೆ. ಹೋದ ರಜದಲ್ಲಿ ಈ ಕಾದಂಬರಿಯ ಬೇರೆ ಪ್ರತಿ ಓದಿದಳು. ಅದರಲ್ಲಿ ಮಳೆ ವರ್ಣನೆ ಇರಲಿಲ್ಲ."